ಸಿಯಾಟಲ್–ವಿಕ್ಟೋರಿಯಾ ಸೀಪ್ಲೇನ್ ಟಪಾಲು ಸರ್ವಿಸ್: ನೂರು ವರ್ಷ ಲೇಟಾಗಿ ಒಂದು ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನ ಯಾಕೆ ಕಿತ್ಕೊಂಡೆ ಅಂತ ಕೆಳಗೆ ಬರುತ್ತೆ. ಮೊದ್ಲೇ ಹೇಳ್ಬಿಡ್ತೀನಿ, ಈ ಸರ್ವಿಸನ್ನ ನಾನು ಬಳಸಿಲ್ಲ, ಬಳಸೋಕೆ ಆಗೋದೂ ಇಲ್ಲ, ಯಾಕಂದ್ರೆ ಇದು ಶುರುವಾಗಿದ್ದು 1920ರ ಅಕ್ಟೋಬರ್ 15ಕ್ಕೆ, ನಿಂತಿದ್ದು 1937ರಲ್ಲಿ. ಆದ್ರೂ ರಿವ್ಯೂ ಬರೀತಾ ಇದೀನಿ. ಪಾರ್ಸಲ್ ಎರಡು ದಿನ ಲೇಟಾದ್ರೆ ಆಪ್ ತೆಗೆದು ಒಂದು ಸ್ಟಾರ್ ಒತ್ತಿ ಬೈಯೋ ನಾವು, ರನ್‌ವೇ ಇಲ್ಲ ರೇಡಿಯೋ ಇಲ್ಲ ಹವಾಮಾನ ಹೇಳೋರು ಸರಿಯಾಗಿಲ್ಲ ಅನ್ನೋ ಕಾಲದಲ್ಲಿ ನೀರಿನ ಮೇಲೇ ಇಳಿದು ನೀರಿಂದಲೇ ಏಳೋ ಒಂದು ಮರದ ವಿಮಾನ ಇಟ್ಕೊಂಡು ಎರಡು ದೇಶದ ಮಧ್ಯೆ ವರ್ಷಗಟ್ಟಲೆ ಟಪಾಲು ಸಾಗಿಸಿದೋರಿಗೆ ನಾಲ್ಕು ಸ್ಟಾರ್ ಆದ್ರೂ ಕೊಡಬೇಕಲ್ವಾ.

ವಿಮಾನದ ಹಳೇ ಕತೆ ಓದೋರಿಗೆ ಎಡ್ಡಿ ಹಬರ್ಡ್ ಅನ್ನೋ ಹೆಸರು ಗೊತ್ತಿರುತ್ತೆ, ಉಳಿದೋರಿಗೆ ಗೊತ್ತಿರಲ್ಲ. ಬೋಯಿಂಗ್ ಕಂಪನಿಯ ಟೆಸ್ಟ್ ಪೈಲಟ್. ಎಲ್ರೂ ಅವನ ಧೈರ್ಯ ಹೊಗಳ್ತಾರೆ. ನನಗೆ ಇಷ್ಟವಾಗಿದ್ದು ಅವನ ಪ್ಲಾನಿಂಗು. ಆ ಕಾಲದಲ್ಲಿ ವಿಮಾನ ಇಟ್ಕೊಂಡಿದ್ದ ಸುಮಾರು ಜನ "ನಮ್ಮ ವಿಮಾನ ಎಷ್ಟು ದೂರ ಹೋಗುತ್ತೆ, ಎಷ್ಟು ಸ್ಪೀಡು" ಅಂತ ಯೋಚನೆ ಮಾಡಿ ದಾರಿ ಹುಡುಕಿದ್ರು. ಈ ಪುಣ್ಯಾತ್ಮ ಹಡಗಿನ ಟೈಮ್‌ಟೇಬಲ್ ನೋಡ್ಕೊಂಡು ಕೂತ. ಅಷ್ಟೇ ವ್ಯತ್ಯಾಸ, ಆದ್ರೆ ಇಡೀ ಸರ್ವಿಸ್ ನಿಂತಿದ್ದೇ ಅದರ ಮೇಲೆ.

ಅರ್ಥ ಆಗ್ಬೇಕಂದ್ರೆ ಒಂದ್ಸಲ ಮ್ಯಾಪ್ ತೆಗೀರಿ. ಅಮೆರಿಕದ ವಾಯವ್ಯ ಮೂಲೆ. ಪೆಸಿಫಿಕ್ ಸಮುದ್ರದಿಂದ ಒಳಗೆ ಬರೋಕೆ ಹುವಾನ್ ಡಿ ಫುಕಾ ಅಂತ ಒಂದು ಜಲಸಂಧಿ, ಬಾಗಿಲಿನ ಥರ. ಜಪಾನ್ ಚೀನಾ ಕಡೆಯಿಂದ ಹತ್ತು ಹದಿನೈದು ದಿನ ಸಮುದ್ರದ ಮೇಲೆ ಬಂದ ಹಡಗು ಈ ಬಾಗಿಲಲ್ಲಿ ಒಳಗೆ ಬಂದ ಕೂಡ್ಲೇ ಎಡಗಡೆ ಸಿಗೋ ದೊಡ್ಡ ಊರು ವಿಕ್ಟೋರಿಯಾ, ಅದು ಕೆನಡಾ, ವ್ಯಾಂಕೂವರ್ ದ್ವೀಪದ ದಕ್ಷಿಣದ ತುದಿ. ಅಲ್ಲಿಂದ ಮುಂದೆ ಬಲಕ್ಕೆ ತಿರುಗಿ ಪ್ಯೂಜೆಟ್ ಸೌಂಡ್ ಅನ್ನೋ ಉದ್ದನೆಯ ಒಳಗಡಲಲ್ಲಿ ದಕ್ಷಿಣಕ್ಕೆ ಇಳಿದ್ರೆ ಸಿಯಾಟಲ್. ಅಂದ್ರೆ ಅಮೆರಿಕದ ಟಪಾಲು ಹೊತ್ತಿರೋ ಹಡಗು ಮೊದಲು ಕೆನಡಾದಲ್ಲಿ ನಿಂತು, ಆಮೇಲೆ ಅಮೆರಿಕಕ್ಕೆ ಬರ್ತಿತ್ತು.

ಈಗ ಲೆಕ್ಕ ಹಾಕಿ. ಟಪಾಲು ದಾರಿ 84 ಮೈಲಿ, ಸುಮಾರು 135 ಕಿಲೋಮೀಟರ್. ಆ ಕಾಲದ ಹಡಗು ಗಂಟೆಗೆ 28 ಕಿಲೋಮೀಟರ್ ಹೋಗುತ್ತೆ ಅಂತ ಇಟ್ಕೊಂಡ್ರೆ ಬರೀ ಓಡೋಕೇ ಐದು ಗಂಟೆ. ಅದು ಬರೀ ಓಡೋ ಟೈಮು ಅಷ್ಟೇ, ವಿಕ್ಟೋರಿಯಾದಲ್ಲಿ ಆರೋಗ್ಯ ತಪಾಸಣೆ, ಕಸ್ಟಮ್ಸು, ಜನ ಇಳಿಯೋದು, ಸಾಮಾನು ಇಳಿಸೋದು, ಅಲೆ ನೋಡ್ಕೊಂಡು ಹೊರಡೋದು, ಮತ್ತೆ ಸಿಯಾಟಲ್‌ನಲ್ಲಿ ಕಟ್ಟೆಗೆ ತಾಗ್ಸೋದು ಇದೆಲ್ಲ ಸೇರಿದ್ರೆ ಅರ್ಧ ದಿನ ಆರಾಮಾಗಿ ಹೋಗುತ್ತೆ, ರಾತ್ರಿ ಬಂದ್ರೆ ಒಂದು ದಿನಾನೇ ಹೋಗುತ್ತೆ. ಮೇಲಿಂದ ಸಿಯಾಟಲ್‌ನಿಂದ ಪೂರ್ವಕ್ಕೆ ಹೋಗೋ ರೈಲು ಒಂದು ತಪ್ಪಿದ್ರೆ ಇನ್ನೂ ಅಷ್ಟು ಕಾಯ್ಬೇಕು. ಇದೇ ದೂರ ವಿಮಾನಕ್ಕೆ ಒಂದು ಗಂಟೆ, ಗಾಳಿ ಎದುರಿಗಿದ್ರೆ ಸ್ವಲ್ಪ ಜಾಸ್ತಿ.

ಇನ್ನೊಂದು ಕಡೆಯಿಂದ ಇನ್ನೂ ಚೆನ್ನಾಗಿದೆ. ಹೊರಗೆ ಹೋಗೋ ಹಡಗು ಸಿಯಾಟಲ್ ಬಿಟ್ಟು ವಿಕ್ಟೋರಿಯಾದಲ್ಲಿ ನಿಂತು ಆಮೇಲೆ ಸಮುದ್ರಕ್ಕೆ ಬೀಳ್ತಿತ್ತು. ಸಿಯಾಟಲ್‌ನಲ್ಲಿ ನಿಮ್ಮ ಪತ್ರ ಹಡಗು ತಪ್ಪಿಸ್ಕೊಳ್ತು ಅಂತ ಇಟ್ಕೊಳ್ಳಿ. ಮೊದಲಾಗಿದ್ರೆ ಮುಂದಿನ ಹಡಗಿನವರೆಗೂ ತಲೆ ಮೇಲೆ ಕೈ ಹೊತ್ಕೊಂಡು ಕೂರ್ಬೇಕಿತ್ತು. ಈಗ ವಿಮಾನದ ಚೀಲಕ್ಕೆ ಹಾಕಿದ್ರೆ, ಆಗಲೇ ಹೊರಟುಹೋದ ಹಡಗನ್ನ ವಿಕ್ಟೋರಿಯಾದಲ್ಲಿ ಅಡ್ಡಹಾಕಿ ಹಿಡಿದು ಅದರೊಳಗೇ ಸೇರಿಸ್ತಾರೆ. ಬಸ್ಸು ಮಿಸ್ ಆದಾಗ ಆಟೋ ಹತ್ತಿ ಮುಂದಿನ ಸ್ಟಾಪಲ್ಲಿ ಹಿಡಿಯೋದು ಇದ್ಯಲ್ಲ, ಅದೇ ಐಡಿಯಾ. ಇದಕ್ಕೆ ಅರ್ಧ ಸ್ಟಾರ್ ಎಕ್ಸ್‌ಟ್ರಾ ಕೊಡೋ ಹಾಗಿದ್ರೆ ಕೊಡ್ತಿದ್ದೆ. ವ್ಯಾಪಾರದ ಕಾಗದಪತ್ರಕ್ಕೆ ಇದು ಚಿನ್ನ, ಯಾಕಂದ್ರೆ ಆ ಹಡಗುಗಳಲ್ಲಿ ಜಪಾನಿನ ಕಚ್ಚಾ ರೇಷ್ಮೆ ಬರ್ತಿತ್ತು, ರೇಷ್ಮೆ ದುಬಾರಿ, ಅದರ ಇನ್ಶೂರೆನ್ಸು ಬಡ್ಡಿ ಎಲ್ಲ ದಿನದ ಲೆಕ್ಕದಲ್ಲಿ ಏರ್ತಾ ಇರುತ್ತೆ, ಅದಕ್ಕೇ ಆ ರೇಷ್ಮೆಗೆ ಅಂತಾನೇ ಸ್ಪೆಷಲ್ ರೈಲು ಓಡಿಸ್ತಿದ್ರು. ಮಾಲಿಗಿಂತ ಮುಂಚೆ ಅದರ ಪೇಪರ್ ಕೈಗೆ ಬಂದ್ರೆ ಅಷ್ಟು ಅನುಕೂಲ.

ಒಂದೇ ಸಲಕ್ಕೆ ಹಾರಿಬಿಡಲಿಲ್ಲ, ಟ್ರಯಲ್ ಮೊದಲೇ ಆಗಿತ್ತು. 1919ರ ಮಾರ್ಚ್ 3ಕ್ಕೆ ಹಬರ್ಡ್ ಮತ್ತೆ ಕಂಪನಿಯ ಮಾಲೀಕ ವಿಲಿಯಂ ಬೋಯಿಂಗ್ ಇಬ್ರೂ ಸೇರಿ ಕೆನಡಾದ ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ 60 ಪತ್ರ ಇರೋ ಚೀಲ ತಂದ್ರು. ಅಮೆರಿಕಕ್ಕೆ ಬಂದ ಮೊದಲ ಅಂತರರಾಷ್ಟ್ರೀಯ ಏರ್‌ಮೇಲ್ ಅದು. ಮೂರು ಗಂಟೆ ಹಿಡೀತು, ಮಧ್ಯೆ ಎಡ್ಮಂಡ್ಸ್ ಅನ್ನೋ ಕಡೆ ಪೆಟ್ರೋಲಿಗೆ ನಿಲ್ಲಬೇಕಾಯ್ತು. ಇಬ್ರೂ ಚೀಲ ಹಿಡ್ಕೊಂಡು ವಿಮಾನದ ಮುಂದೆ ನಿಂತಿರೋ ಫೋಟೋ ಇದೆ, ಕಂಪನಿ ಓನರ್ರೇ ಪೋಸ್ಟ್‌ಮ್ಯಾನ್ ಆಗಿರೋ ಫೋಟೋ ಬೇರೆ ಎಲ್ಲಾದ್ರೂ ಸಿಗುತ್ತಾ ಗೊತ್ತಿಲ್ಲ. ವಿಮಾನದ ಹೆಸರು ಸಿ-700. ಏನೋ ದೊಡ್ಡ ಮಾಡೆಲ್ ನಂಬರ್ ಅನ್ಕೋಬೇಡಿ, ಅಮೆರಿಕದ ನೌಕಾಪಡೆ 50 ಟ್ರೇನಿಂಗ್ ಸೀಪ್ಲೇನ್ ತಗೊಂಡಿತ್ತು, ಅದರ ಕೊನೇ ನಂಬರ್ 699, ಬೋಯಿಂಗ್ ತನಗೆ ಅಂತ ಇನ್ನೊಂದು ಮಾಡಿಸ್ಕೊಂಡು ಮುಂದಿನ ನಂಬರ್ ಹಾಕ್ಕೊಂಡ, ಅಷ್ಟೇ. 100 ಹಾರ್ಸ್‌ಪವರ್ ಇಂಜಿನ್ನು. ಇವತ್ತಿನ ಸಾಧಾರಣ ಕಾರಿನಷ್ಟು ಶಕ್ತಿ ಇಟ್ಕೊಂಡು ಇಬ್ಬರು ಗಂಡಸರನ್ನ, ಎರಡು ಫ್ಲೋಟನ್ನ, ಚೀಲಾನ ನೀರಿಂದ ಎತ್ತಬೇಕು.

ಈ ಟ್ರಯಲ್‌ನಿಂದ ಎರಡು ವಿಷಯ ಗೊತ್ತಾಗಿರ್ಬೇಕು ಅಂತ ನನ್ನ ಅಂದಾಜು. ಮಧ್ಯದಲ್ಲಿ ಪೆಟ್ರೋಲಿಗೆ ನಿಲ್ಲೋ ವಿಮಾನ ದಿನನಿತ್ಯದ ಸರ್ವಿಸಿಗೆ ಆಗಲ್ಲ. ಆಮೇಲೆ ವ್ಯಾಂಕೂವರ್‌ಗೆ ಹಾರೋದು ಪೇಪರಲ್ಲಿ ಹೆಸರು ಬರೋಕೆ ಸರಿ, ದುಡ್ಡು ಇರೋದು ಹಡಗು ನಿಲ್ಲೋ ವಿಕ್ಟೋರಿಯಾದಲ್ಲಿ.

ಹಾಗಾಗಿ ಮುಂದಿನ ವಿಮಾನ ಬಿ-1. ಈ ಸರ್ವಿಸಿನ ಹೀರೋ ಇದೇ, ಮೊದಲು ಹಾರಿದ್ದು 1919ರ ಡಿಸೆಂಬರ್ 27ಕ್ಕೆ. ಕಂಪನಿ ಮಿಲಿಟರಿಗಲ್ಲದೆ ಮಾರುಕಟ್ಟೆಗೆ ಅಂತ ಮೊದಲ ಮಹಾಯುದ್ಧ ಮುಗಿದ ಮೇಲೆ ಮಾಡಿದ್ದು. ಮಾಡಿದ್ದು ಎಷ್ಟು ಅಂದ್ರೆ ಒಂದೇ ಒಂದು. ಯಾಕಂದ್ರೆ ಯುದ್ಧ ಮುಗಿದ ಮೇಲೆ ಸರ್ಕಾರ ತನ್ನ ಹತ್ರ ಬಿದ್ದಿದ್ದ ವಿಮಾನಗಳನ್ನೆಲ್ಲ ಮೂರು ಕಾಸಿಗೆ ಮಾರೋಕೆ ಶುರು ಮಾಡ್ತು, ಹೊಸಾದು ತಗೊಳ್ಳೋರು ಯಾರು. ಬೋಯಿಂಗ್ ಕಂಪನಿ ಆ ಟೈಮಲ್ಲಿ ಹೊಟ್ಟೆಪಾಡಿಗೆ ಮನೆ ಫರ್ನಿಚರ್ ಮಾಡ್ತಿತ್ತು, ದೋಣಿ ಮಾಡ್ತಿತ್ತು. ಇದನ್ನ ಓದಿದಾಗ್ಲೆಲ್ಲ ನನಗೆ ನಗು ಬರುತ್ತೆ, ಡ್ರೆಸಿಂಗ್ ಟೇಬಲ್ ಮಾಡೋ ಮರಗೆಲಸದೋರೇ ವಿಮಾನದ ಹೊಟ್ಟೇನೂ ಮಾಡಿದ್ದು, ಆದ್ರೆ ಯೋಚನೆ ಮಾಡಿದ್ರೆ ಅದು ಸರಿಯಾಗೇ ಇದೆ, ಬಿ-1ರ ಹೊಟ್ಟೆ ತೆಳು ಮರದ ಪದರಗಳನ್ನ ಅಂಟಿಸಿ ಬಗ್ಗಿಸಿ ಮಾಡಿದ್ದು, ಒಳ್ಳೇ ಬಡಗಿ ಇಲ್ಲದೆ ಆಗೋ ಕೆಲಸ ಅಲ್ಲ.

ಸಿ-700 ಮತ್ತೆ ಬಿ-1 ಎರಡನ್ನೂ ಸೀಪ್ಲೇನ್ ಅಂತೀವಿ, ಆದ್ರೆ ಜಾತಿ ಬೇರೆ. ಮೊದಲನೇದಕ್ಕೆ ವಿಮಾನದ ಕೆಳಗೆ ಎರಡು ದೋಣಿ ಥರದ ಫ್ಲೋಟ್ ಕಟ್ಟಿರ್ತಾರೆ. ಬಿ-1ಗೆ ವಿಮಾನದ ಹೊಟ್ಟೇನೇ ದೋಣಿ, ಫ್ಲೈಯಿಂಗ್ ಬೋಟ್ ಅಂತಾರೆ. ಇಂಜಿನ್ನು ಮೇಲೆ ಎರಡು ರೆಕ್ಕೆ ಮಧ್ಯೆ ಕೂತಿರುತ್ತೆ, ಫ್ಯಾನು ಹಿಂದಕ್ಕೆ ಮುಖ ಮಾಡಿ ತಳ್ಳುತ್ತೆ. ಇದು ಚಂದಕ್ಕೆ ಮಾಡಿದ್ದಲ್ಲ. ನೀರಲ್ಲಿ ಓಡುವಾಗ ಏಳೋ ತುಂತುರು ಮರದ ಪ್ರೊಪೆಲ್ಲರ್ ತುದಿಯನ್ನ ಕಲ್ಲು ಹೊಡೆದ ಹಾಗೆ ಕಿತ್ತುಹಾಕುತ್ತೆ, ಅದಕ್ಕೇ ಅದನ್ನ ನೀರಿಂದ ಆದಷ್ಟು ಮೇಲೆ ಇಡೋದು. ದೋಣಿ ಹೊಟ್ಟೆ ಕೆಳಗೆ ಮೆಟ್ಟಿಲಿನ ಹಾಗೆ ಒಂದು ಕಡಿತ ಇರುತ್ತೆ, ಅದಿಲ್ದಿದ್ರೆ ನೀರು ವಿಮಾನಾನ ಹಿಡ್ಕೊಂಡು ಬಿಡೋದೇ ಇಲ್ಲ, ಒದ್ದೆ ಟೇಬಲ್ ಮೇಲಿಟ್ಟ ಸ್ಟೀಲ್ ತಟ್ಟೆ ಎತ್ತಿ ನೋಡಿ ಗೊತ್ತಾಗುತ್ತೆ. ರೆಕ್ಕೆ ಅಗಲ 15 ಮೀಟರ್ ಮೇಲೆ, ಸ್ಪೀಡು ಗಂಟೆಗೆ ಜಾಸ್ತಿ ಅಂದ್ರೆ 145 ಕಿಲೋಮೀಟರ್, ಒಂದು ಟ್ಯಾಂಕಿಗೆ 400 ಮೈಲಿ. ಅಂದ್ರೆ ಹೋಗಿ ಬಂದ್ರೂ ಟ್ಯಾಂಕಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತೆ. ಎಡ್ಮಂಡ್ಸ್‌ನಲ್ಲಿ ನಿಂತ ಪಾಠ ಮರೆತಿಲ್ಲ ಅಂತ ಇಲ್ಲಿ ಗೊತ್ತಾಗುತ್ತೆ. ವಿಕ್ಟೋರಿಯಾದಲ್ಲಿ ಪೆಟ್ರೋಲ್ ಡ್ರಮ್ ಇಡ್ಬೇಕಾ, ಅದನ್ನ ಕಾಯೋಕೆ ಒಬ್ಬ ಬೇಕಾ, ಬೇರೆ ದೇಶದಲ್ಲಿ ಅದಕ್ಕೊಂದು ಲೆಕ್ಕ ಕೊಡ್ಬೇಕಾ ಅನ್ನೋ ತಲೆನೋವೇ ಇಲ್ಲ, ಅಲ್ಲಿ ಇಳಿ, ಚೀಲ ಹಾಕ್ಕೋ, ಎದ್ದು ಬಾ.

ಇಬ್ರು ಪ್ಯಾಸೆಂಜರ್ ಕೂರೋಕೆ ಹಿಂದೆ ಜಾಗ ಇತ್ತು. ಆದ್ರೆ ಸರ್ವಿಸ್ ಪ್ಯಾಸೆಂಜರ್ ನಂಬ್ಕೊಂಡು ಕಟ್ಟಿದ್ದಲ್ಲ, ಇದು ಬಹಳ ಮುಖ್ಯ. ಚೀಲಕ್ಕೆ ಚಳಿ ಆಗಲ್ಲ, ವಾಂತಿ ಬರಲ್ಲ, ಮಂಜು ಜಾಸ್ತಿ ಇದೆ ನಾಳೆ ಹೋಗೋಣ ಅಂದ್ರೆ ಜಗಳ ಆಡಲ್ಲ. ಮತ್ತೆ ಚೀಲದ ದುಡ್ಡು ಅಂಚೆ ಇಲಾಖೆ ಕಾಂಟ್ರಾಕ್ಟ್ ಪ್ರಕಾರ ಕೊಡುತ್ತೆ, ಸೀಟು ತುಂಬ್ತೋ ಇಲ್ವೋ ಅಂತ ಬಾಗಿಲಲ್ಲಿ ನಿಂತು ಕೂಗೋದು ಬೇಡ. ಅಮೆರಿಕದ ಅಂಚೆ ಇಲಾಖೆ ಹೊರದೇಶಕ್ಕೆ ವಿಮಾನದಲ್ಲಿ ಟಪಾಲು ಸಾಗಿಸೋ ದಾರಿಗಳಿಗೆ ನಂಬರ್ ಕೊಟ್ಟಿತ್ತು, ಎಫ್‌ಎಎಮ್ ಅಂತ, ಇದು ಎಫ್‌ಎಎಮ್-2.

ಪ್ಯಾಸೆಂಜರ್ ನಂಬ್ಕೊಂಡೋರ ಕತೆ ಏನಾಯ್ತು ಅಂತ ನೋಡ್ಬೇಕಂದ್ರೆ ಅಮೆರಿಕದ ಇನ್ನೊಂದು ಮೂಲೆ ಫ್ಲಾರಿಡಾಗೆ ಹೋಗ್ಬೇಕು. 1914ರ ಜನವರಿ 1ಕ್ಕೆ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ಯಾಂಪಾಗೆ ಫ್ಲೈಯಿಂಗ್ ಬೋಟ್ ಸರ್ವಿಸ್ ಶುರುವಾಯ್ತು, ಟೋನಿ ಜಾನಸ್ ಪೈಲಟ್, ಟ್ಯಾಂಪಾ ಕೊಲ್ಲಿ ದಾಟೋಕೆ 23 ನಿಮಿಷ, ಟಿಕೆಟ್ 5 ಡಾಲರ್, ಮೊದಲ ಟಿಕೆಟ್ಟನ್ನ ಹರಾಜಲ್ಲಿ 400 ಡಾಲರ್‌ಗೆ ಮಾರಿದ್ರು. ಇವತ್ತಿಗೂ ಪ್ರಪಂಚದ ಮೊದಲ ಟೈಮ್‌ಟೇಬಲ್ ಏರ್‌ಲೈನ್ ಅಂತ ಅದಕ್ಕೇ ಹೆಸರು. ಒಂದ್ಸಲಕ್ಕೆ ಒಬ್ಬನೇ ಪ್ಯಾಸೆಂಜರ್ ಆದ್ರೂ 1,200 ಚಿಲ್ಲರೆ ಜನ ಹಾರಿದ್ರು, ಸಣ್ಣ ಮಾತಲ್ಲ. ಆದ್ರೆ ಚಳಿಗಾಲದ ಟೂರಿಸ್ಟ್‌ಗಳು ವಾಪಸ್ ಹೋದ ಕೂಡ್ಲೇ ಸರ್ವಿಸ್ಸೂ ಹೋಯ್ತು, ನಾಲ್ಕು ತಿಂಗಳ ಆಟ. ದಾರಿ ಚೆನ್ನಾಗಿತ್ತು, ವಿಮಾನ ಚೆನ್ನಾಗಿತ್ತು, ವರ್ಷಪೂರ್ತಿ ದುಡ್ಡು ಕೊಡೋ ಗಿರಾಕಿ ಇರ್ಲಿಲ್ಲ.

ಏರೋಮರೀನ್ ಅನ್ನೋ ಅಮೆರಿಕದ ಕಂಪನಿ ಇನ್ನೂ ದೊಡ್ಡದಾಗಿ ಮಾಡ್ತು. ಫ್ಲಾರಿಡಾದ ಕೀ ವೆಸ್ಟ್‌ನಿಂದ ಕ್ಯೂಬಾದ ಹವಾನಾಗೆ, ಅದೂ ಬಂದರಿಂದ ಬಂದರಿಗೇ, 1920ರ ನವೆಂಬರ್ 1ಕ್ಕೆ ಟಪಾಲು ಶುರು, ಹಬರ್ಡ್‌ಗಿಂತ ಬರೀ ಎರಡು ವಾರ ಆಮೇಲೆ. ನೌಕಾಪಡೆಯ ದೊಡ್ಡ ದೊಡ್ಡ ಎರಡು ಇಂಜಿನ್ನಿನ ಫ್ಲೈಯಿಂಗ್ ಬೋಟ್‌ಗಳನ್ನ ತಗೊಂಡು ಒಳಗೆ ಸೋಫಾ ಥರ ಸೀಟ್ ಹಾಕಿ ಐಷಾರಾಮಿ ಮಾಡಿದ್ರು. ಅಮೆರಿಕದಲ್ಲಿ ಆಗ ಪಾನನಿಷೇಧ ಬೇರೆ, ಹವಾನಾಗೆ ಹೋಗೋಕೆ ಜನಕ್ಕೆ ಒಳ್ಳೇ ಕಾರಣ ಇತ್ತು. ಆದ್ರೂ 1923ರ ಜನವರಿಯಲ್ಲಿ ಒಂದು ವಿಮಾನ ಸಮುದ್ರದಲ್ಲಿ ಇಳಿದು ನಾಲ್ಕು ಜನ ಮುಳುಗಿ ಹೋದ್ರು, 1924ರ ಹೊತ್ತಿಗೆ ಕಂಪನಿಯ ಹಾರಾಟವೇ ನಿಂತ್ಹೋಯ್ತು. ಎರಡು ದೊಡ್ಡ ಇಂಜಿನ್ನಿನ ಪೆಟ್ರೋಲು ಖರ್ಚು, ಸೀಸನ್ ಇದ್ದಾಗ ಮಾತ್ರ ಜನ. ಇದಕ್ಕೆ ಎರಡೂವರೆ ಸ್ಟಾರ್ ಕೊಡ್ತೀನಿ, ಅದೂ ಧೈರ್ಯಕ್ಕೆ.

ಹಬರ್ಡ್ ಐಡಿಯಾನ ಸರಿಯಾಗಿ ಅರ್ಥ ಮಾಡ್ಕೊಂಡಿದ್ದು ನ್ಯೂ ಆರ್ಲಿಯನ್ಸ್‌ನೋರು. 1923ರ ಏಪ್ರಿಲ್‌ನಲ್ಲಿ ಎಫ್‌ಎಎಮ್-3, ನ್ಯೂ ಆರ್ಲಿಯನ್ಸ್‌ನಿಂದ ಮಿಸಿಸಿಪ್ಪಿ ನದಿಯ ಬಾಯಿ ಹತ್ರ ಇರೋ ಪೈಲಟ್‌ಟೌನ್‌ಗೆ. ಅದು ಊರು ಅನ್ನೋಕಿಂತ ನದಿ ಪೈಲಟ್‌ಗಳು, ಅಂದ್ರೆ ನದಿಯಲ್ಲಿ ಹಡಗಿಗೆ ದಾರಿ ತೋರಿಸೋರು, ಹಡಗು ಹತ್ತೋ ಇಳಿಯೋ ಜಾಗ ಅಷ್ಟೇ. ಹಡಗು ನದಿಯ ತಿರುವುಗಳಲ್ಲಿ ಗಂಟೆಗಟ್ಟಲೆ ತೆವಳಿಕೊಂಡು ಹೋಗ್ತಿದ್ರೆ ವಿಮಾನ ಹಿಂದಿಂದ ಹೊರಟು ಮುಂದೆ ಹೋಗಿ ಟಪಾಲು ಕೊಟ್ಟು ಬರ್ತಿತ್ತು. ಅದೇ ಸೂತ್ರ. ಇನ್ನೂ ಆಮೇಲೆ 1929ರಲ್ಲಿ ಜರ್ಮನಿಯ ಬ್ರೆಮೆನ್ ಹಡಗಿನೋರು ಹಡಗಿನ ಮೇಲೇ ಕ್ಯಾಟಪಲ್ಟ್ ಇಟ್ಟು, ನ್ಯೂಯಾರ್ಕ್ ಇನ್ನೂ ದೂರ ಇರುವಾಗ್ಲೇ ಸೀಪ್ಲೇನನ್ನ ಕವಣೆಕಲ್ಲಿನ ಹಾಗೆ ಎಸೆದು ಟಪಾಲನ್ನ ಮುಂಚೆ ಮುಟ್ಟಿಸ್ತಿದ್ರು. ಸಮುದ್ರ ಪೂರ್ತಿ ದಾಟೋ ತಾಕತ್ತು ವಿಮಾನಕ್ಕೆ ಇರ್ಲಿಲ್ಲ, ಹಡಗಿಗೆ ಇತ್ತು. ದಡದ ಹತ್ರ ಹಡಗು ನಿಧಾನ, ವಿಮಾನ ಜೋರು. ಇಬ್ರಿಗೂ ಬರೋದನ್ನ ಇಬ್ರ ಕೈಲೂ ಮಾಡಿಸೋದು.

ಸೀಪ್ಲೇನ್ ಯಾಕೆ ಅಂತ ಕೇಳೋರು ಈಗ್ಲೂ ಇದಾರೆ. 1920ರಲ್ಲಿ ಬಂದರು ಊರಲ್ಲಿ ಸಮತಟ್ಟಾದ ದೊಡ್ಡ ಮೈದಾನ ಹುಡುಕೋದು ಕಷ್ಟ, ಸಿಕ್ಕಿದ್ರೂ ಊರಾಚೆ ಎಲ್ಲೋ ಇರುತ್ತೆ, ಅಲ್ಲಿಂದ ಚೀಲ ಹಡಗಿನ ಕಟ್ಟೆಗೆ ಬರೋಷ್ಟರಲ್ಲಿ ಉಳಿಸಿದ ಟೈಮೆಲ್ಲ ರಸ್ತೇಲಿ ಹೋಗುತ್ತೆ. ನೀರು ಊರಿನ ಬಾಗಿಲಲ್ಲೇ ಇದೆ, ಬಾಡಿಗೆ ಇಲ್ಲ, ಗಾಳಿ ಯಾವ ಕಡೆಯಿಂದ ಬಂದ್ರೂ ಆ ಕಡೆಗೆ ಮುಖ ಮಾಡಿ ಏಳ್ಬೋದು. ಇಂಜಿನ್ ಕೈಕೊಟ್ರೆ, ಆಗ ಇಂಜಿನ್ ಕೈಕೊಡ್ತಾನೇ ಇತ್ತು, ಕೆಳಗೆ ದಾರಿ ಉದ್ದಕ್ಕೂ ಇಳಿಯೋ ಜಾಗ. ಇದಕ್ಕೆ ಒಳ್ಳೇ ಸಾಕ್ಷಿ ಅಂದ್ರೆ ಪ್ಯಾನ್ ಆಮ್ ಅನ್ನೋ ಅಮೆರಿಕದ ಏರ್‌ಲೈನ್. 1927ರಲ್ಲಿ ಕೀ ವೆಸ್ಟ್–ಹವಾನಾ ಟಪಾಲು ಕಾಂಟ್ರಾಕ್ಟ್ ಹಿಡಿದ್ರು, ಅಕ್ಟೋಬರ್ 19ರೊಳಗೆ ಶುರು ಮಾಡ್ಬೇಕು ಅಂತ ಷರತ್ತು, ಇವರ ಫಾಕರ್ ವಿಮಾನಕ್ಕೆ ಚಕ್ರ, ಕೀ ವೆಸ್ಟ್‌ನಲ್ಲಿ ರನ್‌ವೇ ರೆಡಿ ಇಲ್ಲ. ಕೊನೇ ಗಳಿಗೆಯಲ್ಲಿ ಬೇರೆ ಕಂಪನಿಯ ಒಂದು ಫೇರ್‌ಚೈಲ್ಡ್ ಫ್ಲೋಟ್‌ಪ್ಲೇನ್ ಬಾಡಿಗೆ ಹಿಡಿದು ಅವತ್ತೇ ಚೀಲ ಕಳಿಸಿ ಮಾನ ಉಳಿಸ್ಕೊಂಡ್ರು. ಮುಂದೆ ಅಷ್ಟು ದೊಡ್ಡದಾಗಿ ಬೆಳೆದ ಕಂಪನಿ ಮೊದಲ ದಿನ ಎರವಲು ವಿಮಾನದಲ್ಲಿ, ನೀರಿನ ದಯೆಯಿಂದ ಬಚಾವಾಗಿದ್ದು.

ಸಿಯಾಟಲ್‌ಗೆ ಇನ್ನೊಂದು ಅದೃಷ್ಟ, ಊರ ಮಧ್ಯೆ ಲೇಕ್ ಯೂನಿಯನ್ ಅಂತ ಒಂದು ಕೆರೆ. ಬೋಯಿಂಗ್ ತನ್ನ ಮೊದಲ ಸೀಪ್ಲೇನ್ ಹಾರಿಸಿದ್ದೂ ಅಲ್ಲೇ, 1919ರ ಚೀಲ ಇಳಿದಿದ್ದೂ ಅಲ್ಲೇ. ಅದು ಸಿಹಿನೀರು. ಓದೋಕೆ ಸಣ್ಣ ವಿಷಯ, ಆದ್ರೆ ಮರ ಕಬ್ಬಿಣ ಎರಡೂ ಇರೋ ವಿಮಾನವನ್ನ ಉಪ್ಪುನೀರಲ್ಲಿ ಕಟ್ಟಿಹಾಕಿದ್ರೆ ತಂತಿಗೆ ತುಕ್ಕು, ಹೊಟ್ಟೆಗೆ ಚಿಪ್ಪು ಪಾಚಿ ಹತ್ಕೊಳ್ಳುತ್ತೆ, ಮರ ನೀರು ಕುಡಿದು ತೂಕ ಬೇರೆ ಜಾಸ್ತಿ ಆಗುತ್ತೆ, ಚೀಲಕ್ಕೆ ಇರಬೇಕಾದ ತೂಕಾನ ನೀರು ತಿನ್ನುತ್ತೆ. ದಿನಾ ಸಮುದ್ರದಲ್ಲಿ ಇಳಿದು ಬಂದ ವಿಮಾನಕ್ಕೆ ಇಲ್ಲಿ ತಾನಾಗೇ ಉಪ್ಪು ತೊಳೆದ ಹಾಗೆ ಆಗುತ್ತೆ. ಹೊಸದಾಗಿ ಸೀಪ್ಲೇನ್ ಸರ್ವಿಸ್ ಪ್ಲಾನ್ ಮಾಡೋರು ವಿಮಾನದ ಬ್ರೋಷರ್ ಓದೋಕೆ ಮುಂಚೆ ರಾತ್ರಿ ಅದನ್ನ ಎಲ್ಲಿ ಕಟ್ತೀವಿ ಅಂತ ನೋಡ್ಬೇಕು.

ಇಂಜಿನ್ ವಿಷಯಕ್ಕೆ ಬರೋಣ. ಬಿ-1 ಎಂಟು ವರ್ಷ ಟಪಾಲು ಹೊತ್ತು ಆರು ಇಂಜಿನ್ ತಿಂದುಹಾಕ್ತು. ಇದನ್ನ ಕೆಲವರು ವಿಮಾನ ಎಷ್ಟು ಗಟ್ಟಿ ನೋಡಿ ಅನ್ನೋಕೆ ಹೇಳ್ತಾರೆ, ನಿಜ, ಆದ್ರೆ ನನಗೆ ಇದರಲ್ಲಿ ಕಾಣೋದು ಖರ್ಚಿನ ಲೆಕ್ಕ. ಮೊದಲು ಹಾಲ್-ಸ್ಕಾಟ್ 200 ಹಾರ್ಸ್‌ಪವರ್, ಆಮೇಲೆ 400 ಹಾರ್ಸ್‌ಪವರ್‌ನ ಲಿಬರ್ಟಿ. ಲಿಬರ್ಟಿ ಅನ್ನೋದು ಯುದ್ಧಕ್ಕೆ ಅಂತ ಅಮೆರಿಕ 20 ಸಾವಿರದ ಮೇಲೆ ಮಾಡಿದ ಇಂಜಿನ್, ಯುದ್ಧ ಮುಗಿದ ಮೇಲೆ ರಾಶಿ ರಾಶಿ ಬಿದ್ದಿತ್ತು, ಸೋವಿ. ಹೊಸ ವಿಮಾನದ ಮಾರುಕಟ್ಟೆಯನ್ನ ಹಾಳು ಮಾಡಿದ ಅದೇ ಸರ್ಪ್ಲಸ್ ಮಾಲು, ಇರೋ ಒಂದು ವಿಮಾನವನ್ನ ಓಡಿಸೋಕೆ ವರ ಆಯ್ತು. ಹೊಟ್ಟೆ ಒಂದೇ, ಹೃದಯ ಬದಲಾಯಿಸ್ತಾ ಹೋಗು.

ಈಗ ಬೈಯೋ ಭಾಗ. ಒಂದು ಸ್ಟಾರ್ ಕಿತ್ಕೊಂಡಿದ್ದು ಯಾಕೆ ಅಂದ್ರೆ, ಆ ಒಂದೇ ವಿಮಾನ, ಆ ಒಬ್ಬನೇ ಹಬರ್ಡ್. ಶುರುವಿನ ವರ್ಷಗಳಲ್ಲಿ ಇಡೀ ಸರ್ವಿಸ್ ಹೆಚ್ಚುಕಮ್ಮಿ ಅವನ ಹೆಗಲ ಮೇಲೇ. ಅವನಿಗೆ ಜ್ವರ ಬಂದ್ರೆ ಅಮೆರಿಕದ ವಿದೇಶಿ ಟಪಾಲಿಗೂ ಜ್ವರ. ಇವತ್ತು ಯಾರಾದ್ರೂ ಇಂಥ ಪ್ಲಾನ್ ತಗೊಂಡು ಬ್ಯಾಂಕಿಗೆ ಹೋದ್ರೆ ಮ್ಯಾನೇಜರ್ ಕಾಫಿ ಕೊಟ್ಟು ಕಳಿಸ್ತಾರೆ, ಸಾಲ ಕೊಡಲ್ಲ. ಗಿರಾಕೀನೂ ಒಬ್ಬನೇ, ಅಂಚೆ ಇಲಾಖೆ. ಅವರು ಕಾಂಟ್ರಾಕ್ಟ್ ಬೇಡ ಅಂದ ದಿನ ಅಂಗಡಿ ಬಾಗಿಲು ಹಾಕಬೇಕು. ಹೀಗಿದ್ದೂ ನಡೀತು ಅನ್ನೋದು ಪ್ಲಾನಿಂಗ್‌ನ ದೊಡ್ಡತನವಾ ಅದೃಷ್ಟವಾ, ಎರಡೂ ಇರ್ಬೇಕು.

ಹವಾಮಾನ ಇನ್ನೊಂದು. ಪ್ಯೂಜೆಟ್ ಸೌಂಡ್‌ನಲ್ಲಿ ಶರತ್ಕಾಲ ಬಂತು ಅಂದ್ರೆ ಮಂಜು, ಆಮೇಲೆ ತಿಂಗಳುಗಟ್ಟಲೆ ಮಳೆ, ಜಲಸಂಧಿಯಲ್ಲಿ ಸಮುದ್ರದ ಕಡೆಯಿಂದ ಕೊಳವೆಯಲ್ಲಿ ಊದಿದ ಹಾಗೆ ಗಾಳಿ. ಶುರು ಮಾಡಿದ್ದು ಅಕ್ಟೋಬರ್ ಮಧ್ಯದಲ್ಲಿ, ಅಂದ್ರೆ ಸರಿಯಾಗಿ ಕೆಟ್ಟ ಕಾಲ ಹತ್ರ ಬಂದಾಗ. ಇದನ್ನ ನೋಡಿ ನನಗೆ ಮೊದಲು ಅನ್ಸಿದ್ದು ಮೇ ತಿಂಗಳವರೆಗೆ ಕಾಯೋಕೆ ಏನಾಗಿತ್ತು ಅಂತ. ತೆರೆದ ಕಾಕ್‌ಪಿಟ್, ಮುಖಕ್ಕೆ ಮಳೆ, ರೇಡಿಯೋ ಇಲ್ಲ, ದಡ ಕಾಣೋ ಹಾಗೆ ಕೆಳಗೆ ಹಾರ್ಬೇಕು. ಮಂಜು ಮುಚ್ಕೊಂಡ್ರೆ ನೀರಿಗೆ ಇಳಿದು ದೋಣಿ ಥರ ತೆವಳ್ಕೊಂಡು ಹೋಗೋದು ಒಂದು ಉಪಾಯ, ಚಕ್ರದ ವಿಮಾನಕ್ಕೆ ಆ ಭಾಗ್ಯ ಇಲ್ಲ. ಆದ್ರೆ ಆ ನೀರಲ್ಲೂ ಸುಖ ಇಲ್ಲ, ಆ ಪ್ರದೇಶ ಮರದ ವ್ಯಾಪಾರದ್ದು, ಕಡಿದ ದಿಮ್ಮಿಗಳನ್ನ ನೀರಲ್ಲೇ ತೇಲಿಸಿ ಸಾಗಿಸ್ತಿದ್ರು, ತಪ್ಪಿಸಿಕೊಂಡ ದಿಮ್ಮಿಗಳು ಅರ್ಧ ಮುಳುಗಿ ಮೊಸಳೆ ಥರ ಬಿದ್ದಿರ್ತವೆ. ತೆಳು ಮರದ ಹೊಟ್ಟೆ ಗಂಟೆಗೆ 80 ಕಿಲೋಮೀಟರ್‌ನಲ್ಲಿ ಅದರ ಮೇಲೆ ಹತ್ತಿದ್ರೆ ಕತೆ ಮುಗೀತು.

ಅದಕ್ಕಿಂತ ವಿಚಿತ್ರ ಅಂದ್ರೆ ಗಾಳಿ ಇಲ್ಲದ ದಿನ. ನಮಗೆ ಅನ್ಸುತ್ತೆ ನೀರು ಕನ್ನಡಿ ಥರ ಇದ್ರೆ ಇಳಿಯೋದು ಸುಲಭ ಅಂತ. ಸೀಪ್ಲೇನ್ ಪೈಲಟ್‌ಗಳು ಹೆದರೋದೇ ಅದಕ್ಕೆ. ಅಲೆ ಇಲ್ದಿದ್ರೆ ನೀರಿನ ಮಟ್ಟ ಕಣ್ಣಿಗೆ ಸಿಗಲ್ಲ, ಇನ್ನೂ 10 ಮೀಟರ್ ಇದೆ ಅನ್ಕೊಂಡಿರ್ತೀರಿ, ಆಗಲೇ ನೀರು ತಾಗಿರುತ್ತೆ. ಅಲೆ ಜಾಸ್ತಿ ಇದ್ರೆ ಹೊಟ್ಟೆ ಒಡೆಯುತ್ತೆ. ಸ್ವಲ್ಪ ಗಾಳಿ, ಸಣ್ಣ ಅಲೆ, ಒಳ್ಳೇ ಬೆಳಕು ಇರೋ ದಿನ ಆ ಮೂಲೆಯಲ್ಲಿ ವರ್ಷಕ್ಕೆ ಎಷ್ಟು ಸಿಗುತ್ತೆ ಅಂತ ನೀವೇ ಯೋಚ್ನೆ ಮಾಡಿ. ರಾತ್ರಿ ಹಾರಾಟ ಅಂತೂ ಮರೆತುಬಿಡಿ, ಅಂದ್ರೆ ಹಡಗು ಸಂಜೆ ಬಂದ್ರೆ ಚೀಲ ಬೆಳಿಗ್ಗೆವರೆಗೂ ಕಾಯ್ಬೇಕು, ಅಷ್ಟೊತ್ತಿಗೆ ಹಡಗೇ ಸಿಯಾಟಲ್ ಕಡೆ ಹೊರಟಿರುತ್ತೆ. ಟೈಮ್‌ಟೇಬಲ್ ಮೇಲೆ ನಿಂತ ಸರ್ವಿಸಿಗೆ ಟೈಮ್‌ಟೇಬಲ್ಲೇ ಶತ್ರು ಆಗೋ ದಿನಗಳು ಇವು.

ಕಾಂಪಿಟೀಷನ್ ಕಡೆಯಿಂದ ನೋಡಿದ್ರೆ ಬೋಯಿಂಗ್‌ನ ಹಳೇ ಸೀಪ್ಲೇನ್‌ಗಳು ಬೇರೆ ಕಡೇನೂ ಟಪಾಲು ಹೊತ್ತಿವೆ. ಮೊದಲ ಮಾಡೆಲ್ ಬಿ ಅಂಡ್ ಡಬ್ಲ್ಯೂ ಎರಡೇ ಮಾಡಿದ್ದು, ಎರಡೂ ನ್ಯೂಜಿಲೆಂಡ್‌ನ ಒಂದು ಫ್ಲೈಯಿಂಗ್ ಸ್ಕೂಲಿಗೆ ಮಾರಾಟ ಆದ್ವು, ಆ ದೇಶದ ಮೊದಲ ಅಧಿಕೃತ ಏರ್‌ಮೇಲ್ 1919ರ ಡಿಸೆಂಬರ್ 16ಕ್ಕೆ ಆಕ್ಲೆಂಡ್‌ನಿಂದ ಡಾರ್ಗವಿಲ್‌ಗೆ ಹೋಗಿದ್ದು ಬೋಯಿಂಗ್ ಸೀಪ್ಲೇನಲ್ಲೇ. ಕೊಲಂಬಿಯಾದ ಸ್ಕಾಡ್ಟಾ ಅನ್ನೋ ಏರ್‌ಲೈನ್ ಇನ್ನೂ ಜಾಣ, ಮ್ಯಾಗ್ಡಲೀನಾ ನದಿಯಲ್ಲಿ ಸ್ಟೀಮರ್ ದಿನಗಟ್ಟಲೆ ಹತ್ತೋ ದಾರಿಯನ್ನ ಫ್ಲೋಟ್ ಹಾಕಿದ ಯೂಂಕರ್ಸ್ ಎಫ್-13 ವಿಮಾನದಲ್ಲಿ ಗಂಟೆಗಳಿಗೆ ಇಳಿಸಿ, ತನ್ನದೇ ಸ್ಟಾಂಪ್ ಅಚ್ಚು ಹಾಕಿಸಿ ಮಾರ್ತು. ಆ ವಿಮಾನ ಪೂರ್ತಿ ಲೋಹದ್ದು, ಮರ ನೀರು ಕುಡಿಯೋ ಗೋಳು ಇಲ್ಲ. ಉಪಕರಣದ ವಿಷಯದಲ್ಲಿ ಸ್ಕಾಡ್ಟಾಗೆ ಜಾಸ್ತಿ ಮಾರ್ಕ್ಸು, ಒಪ್ಕೊಳ್ತೀನಿ. ಆದ್ರೆ ಒಬ್ಬ ಮನುಷ್ಯ, ಒಂದು ವಿಮಾನ, ಒಂದು ಮ್ಯಾಪು ಇಟ್ಕೊಂಡು ಮಾಡಿದ್ದಕ್ಕೆ ಹೋಲಿಸ್ಬೇಕಲ್ವಾ.

ಹಬರ್ಡ್ 1927ರಲ್ಲಿ ಇದನ್ನ ಬಿಟ್ಟು ದೊಡ್ಡ ಬೇಟೆಗೆ ಹೋದ. ಶಿಕಾಗೋ–ಸ್ಯಾನ್ ಫ್ರಾನ್ಸಿಸ್ಕೋ ಟಪಾಲು ದಾರಿಗೆ ಟೆಂಡರ್ ಹಾಕೋಣ ಅಂತ ಬೋಯಿಂಗ್ ಕಂಪನಿಯನ್ನ ಒಪ್ಸಿದ್ದೇ ಇವನು, ಜುಲೈ 1ಕ್ಕೆ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಹಾರಾಟ ಶುರು, ಅದೇ ಮುಂದೆ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಸೇರ್ಕೊಳ್ತು. ಆಗ ಅವನ ಹತ್ರ ಇದ್ದ ದೊಡ್ಡ ಬಂಡವಾಳ ಅಂದ್ರೆ ಈ ಎಫ್‌ಎಎಮ್-2ರ ಏಳು ವರ್ಷದ ಅನುಭವ, ಒಂದು ಟ್ರಿಪ್ಪಿಗೆ ಪೆಟ್ರೋಲೆಷ್ಟು, ಇಂಜಿನ್ ಯಾವಾಗ ಬಿಚ್ಬೇಕು, ಎಷ್ಟು ದಿನ ಮಂಜಿಗೆ ಹೋಗುತ್ತೆ ಅನ್ನೋದೆಲ್ಲ ತಾನೇ ಹಾರಿ ಕಲಿತಿದ್ದು. ಪಾಪ, 1928ರ ಡಿಸೆಂಬರ್‌ನಲ್ಲಿ ತೀರಿಕೊಂಡ, 40 ಕೂಡ ಆಗಿರ್ಲಿಲ್ಲ. ಸಿಯಾಟಲ್–ವಿಕ್ಟೋರಿಯಾ ಚೀಲ ಬೇರೆಯವರ ಕೈಲಿ 1937ರವರೆಗೂ ಓಡ್ತು.

ಬಿ-1 ಇನ್ನೂ ಇದೆ. ಸಿಯಾಟಲ್‌ನ ಮೋಹಾಯ್ ಮ್ಯೂಸಿಯಂನಲ್ಲಿ ಚಾವಣಿಯಿಂದ ತೂಗು ಹಾಕಿದಾರೆ, ಆ ಮ್ಯೂಸಿಯಂ ಈಗ ಇರೋದು ಅದೇ ಲೇಕ್ ಯೂನಿಯನ್ ದಡದಲ್ಲಿ. ಆ ಕೆರೆಯಿಂದ ವಿಕ್ಟೋರಿಯಾಗೆ ಇವತ್ತೂ ಸೀಪ್ಲೇನ್ ಹೋಗುತ್ತೆ, ಮುಕ್ಕಾಲು ಗಂಟೆಯ ದಾರಿ, ಒಳಗೆ ಚೀಲದ ಬದಲು ಫೋನು ಹಿಡ್ಕೊಂಡು ಕಿಟಕಿ ಹೊರಗೆ ವಿಡಿಯೋ ಮಾಡೋ ಟೂರಿಸ್ಟ್‌ಗಳು, ಕೆಳಗೆ ದಿಮ್ಮಿಗಳು ಈಗ್ಲೂ ಅಲ್ಲಲ್ಲಿ ತೇಲ್ತಾ ಇರ್ತವೆ.